ನಾಯ್ಸ್ ರಿಡಕ್ಷನ್ ಟೂಲನ್ನು ಒರೆಗೆ ಹಚ್ಚುವ ಬಗೆ

ಸ್ಲೈಡರನ್ನು ಬಲಕ್ಕೆ ಎಳೆದರೆ ಯಾವ ಸಾಫ್ಟ್‌ವೇರಾದರೂ ಫೋಟೋದ ನಾಯ್ಸ್, ಅಂದರೆ ಕಡಿಮೆ ಬೆಳಕಿನಲ್ಲಿ ಮೂಡುವ ಕಾಳುಕಾಳು ಚುಕ್ಕೆಗಳನ್ನು, ತೆಗೆಯುತ್ತದೆ. ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ, ಚಿತ್ರವನ್ನು ಪೂರ್ತಿ ಮಸುಕು ಮಾಡಿದರೂ ನಾಯ್ಸ್ ಹೋಗುತ್ತದೆ. ಟೂಲಿನ ಯೋಗ್ಯತೆ ತಿಳಿಯುವುದು ಎರಡು ಕಡೆ: ನಾಯ್ಸಿನ ಜೊತೆಗೆ ಕೂದಲೆಳೆ, ಬಟ್ಟೆಯ ನೇಯ್ಗೆ, ಚರ್ಮದ ರಂಧ್ರಗಳು ಎಷ್ಟು ಕೊಚ್ಚಿಹೋದವು ಎಂಬಲ್ಲಿ, ಮತ್ತು ದೃಶ್ಯದಲ್ಲಿ ಇಲ್ಲದ್ದು ಏನಾದರೂ ಫೋಟೋದೊಳಗೆ ಬಂದು ಕೂತಿತೇ ಎಂಬಲ್ಲಿ. ಜಾಹೀರಾತಿನ ‘ಮೊದಲು–ನಂತರ’ ಜೋಡಿಚಿತ್ರಗಳಲ್ಲಿ ಇವೆರಡೂ ಕಾಣುವುದಿಲ್ಲ. ಅಲ್ಲಿ ನುಣುಪಾದ ಚಿತ್ರವನ್ನು ಪಕ್ಕದ ಕಾಳುಕಾಳು ಚಿತ್ರಕ್ಕೆ ಹೋಲಿಸುತ್ತೇವೆ. ಹೋಲಿಸಬೇಕಾದ್ದು ಅದೇ ದೃಶ್ಯದ ನಾಯ್ಸ್ ಇಲ್ಲದ ಚಿತ್ರಕ್ಕೆ.

ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ಎರಡು ಟೂಲ್‌ಗಳನ್ನು ಅಕ್ಕಪಕ್ಕ ಇಟ್ಟು ತೀರ್ಪು ಕೊಡುವುದೂ ಇದೇ ಜಾತಿಯ ತಪ್ಪು. ಒಂದು ಟೂಲ್ ಅರ್ಧದಷ್ಟು ನಾಯ್ಸ್ ತೆಗೆದಿರುತ್ತದೆ, ಇನ್ನೊಂದು ಮುಕ್ಕಾಲು ಪಾಲು. ಮೊದಲನೆಯದು ‘ಡೀಟೇಲ್ ಉಳಿಸುತ್ತದೆ’ ಅನ್ನಿಸುತ್ತದೆ, ಎರಡನೆಯದು ‘ಕ್ಲೀನ್ ಮಾಡುತ್ತದೆ’ ಅನ್ನಿಸುತ್ತದೆ. ನಿಜದಲ್ಲಿ ನಾವು ನೋಡಿದ್ದು ಇಬ್ಬರು ತಯಾರಕರು ಸ್ಲೈಡರನ್ನು ಎಲ್ಲಿ ನಿಲ್ಲಿಸಿದ್ದಾರೆ ಎಂಬುದನ್ನಷ್ಟೇ. ಉಳಿದ ನಾಯ್ಸ್ ಎರಡರಲ್ಲೂ ಸಮನಾಗುವಂತೆ ಹೊಂದಿಸಿ, ಆಮೇಲೆ ಡೀಟೇಲ್ ನೋಡಬೇಕು. ಮುಂದಿನ ಹಂತಗಳೆಲ್ಲ ಈ ಒಂದು ಕೆಲಸದ ಸುತ್ತಲೇ ಇವೆ.

ಪರೀಕ್ಷೆಗೆ ಬೇಕಾದಷ್ಟು ಹಿನ್ನೆಲೆ

ಬೆಳಕು ಸೆನ್ಸರಿಗೆ ಬೀಳುವುದು ಫೋಟಾನ್‌ಗಳ ರೂಪದಲ್ಲಿ, ಅದೂ ಒಂದೇ ಸಮನಾಗಿ ಅಲ್ಲ. ಒಂದು ಪಿಕ್ಸೆಲ್ ಸರಾಸರಿ 10,000 ಫೋಟಾನ್ ಹಿಡಿದರೆ ಏರುಪೇರು ಅದರ ವರ್ಗಮೂಲದಷ್ಟು, ಅಂದರೆ 100, ಶೇಕಡಾ 1. ನೆರಳಿನಲ್ಲಿರುವ ಪಿಕ್ಸೆಲ್‌ಗೆ 100 ಫೋಟಾನ್ ಮಾತ್ರ ಸಿಕ್ಕರೆ ಏರುಪೇರು 10; ಶೇಕಡಾ 10. ನೆರಳೇ ಮೊದಲು ಕೆಡುವುದು ಇದಕ್ಕೆ. ಇದರ ಮೇಲೆ ಸೆನ್ಸರಿನ ಎಲೆಕ್ಟ್ರಾನಿಕ್ಸ್ ಸೇರಿಸುವ ರೀಡ್ ನಾಯ್ಸ್ ಇದೆ, ಅದು ಕಣ್ಣಿಗೆ ಬೀಳುವುದು ತೀರಾ ಕಪ್ಪಿರುವ ಕಡೆ. ಐಎಸ್‌ಒ (ಕ್ಯಾಮೆರಾ ಚಿತ್ರದ ಹೊಳಪನ್ನು ಎತ್ತುವ ಪ್ರಮಾಣ) ಏರಿಸಿದ್ದರಿಂದ ನಾಯ್ಸ್ ಹುಟ್ಟಿತು ಎನ್ನುವುದು ರೂಢಿಯ ಮಾತು. ಹುಟ್ಟಿದ್ದು ಬೆಳಕು ಕಡಿಮೆಯಾದ್ದರಿಂದ. ಐಎಸ್‌ಒ 800ರಲ್ಲಿ 3 ಸ್ಟಾಪ್ (ಪ್ರತಿ ಸ್ಟಾಪಿಗೆ ಬೆಳಕು ಅರ್ಧ) ಕಡಿಮೆ ಎಕ್ಸ್‌ಪೋಸ್ ಮಾಡಿ ಸಾಫ್ಟ್‌ವೇರಿನಲ್ಲಿ ಎತ್ತಿದರೂ ಹೆಚ್ಚುಕಡಿಮೆ ಐಎಸ್‌ಒ 6400ರಷ್ಟೇ ನಾಯ್ಸ್ ಕಾಣುತ್ತದೆ.

ಇನ್ನೊಂದು ಸಂಗತಿ ಬಣ್ಣದ್ದು. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಇಂದಿಗೂ ಬಹುತೇಕ ಕ್ಯಾಮೆರಾಗಳಲ್ಲಿ ಇದೆ: ಪ್ರತಿ ನಾಲ್ಕು ಪಿಕ್ಸೆಲ್‌ಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಅಂದರೆ ಪ್ರತಿ ಪಿಕ್ಸೆಲ್ ಅಳೆಯುವುದು ಒಂದೇ ಬಣ್ಣ. ಉಳಿದ ಎರಡನ್ನು ನೆರೆಯ ಪಿಕ್ಸೆಲ್‌ಗಳಿಂದ ಅಂದಾಜು ಮಾಡಿ ತುಂಬುವ ಕೆಲಸವೇ ಡಿಮೊಸೈಕ್. ಈ ಹಂತದಲ್ಲಿ ಒಂದು ಪಿಕ್ಸೆಲ್‌ನ ತಪ್ಪು ಅಕ್ಕಪಕ್ಕಕ್ಕೂ ಹರಡಿ, ಬಿಡಿಬಿಡಿ ಕಾಳು ಹೋಗಿ ಬಣ್ಣದ ಮಚ್ಚೆಗಳಾಗುತ್ತವೆ. ರಾ ಫೈಲ್ (ಸೆನ್ಸರ್ ಅಳೆದದ್ದನ್ನು ಸಂಸ್ಕರಿಸದೆ ಇಟ್ಟ ಫೈಲ್) ಮೇಲೆ, ಡಿಮೊಸೈಕ್ ಜೊತೆಜೊತೆಗೇ ಕೆಲಸ ಮಾಡುವ ಟೂಲ್‌ಗಳು ಅದೇ ಚಿತ್ರದ ಜೆಪೆಗ್ ಮೇಲೆ ಕೆಲಸ ಮಾಡುವವುಗಳಿಗಿಂತ ಮುಂದಿರುವುದು ಈ ಕಾರಣಕ್ಕೆ. ಹಾಗಾಗಿ ರಾ ಟೂಲ್ ಒಂದನ್ನೂ ಜೆಪೆಗ್ ಟೂಲ್ ಒಂದನ್ನೂ ಎದುರುಬದುರು ಇಟ್ಟು ಸ್ಪರ್ಧೆ ಏರ್ಪಡಿಸಬೇಡಿ.

ಅಡ್ಡಗೆರೆಗಳು ಮತ್ತು ಒಂಟಿ ಉರಿಚುಕ್ಕೆಗಳು ಬೇರೆಯೇ ಪಂಗಡ. ಅವು ಯಾದೃಚ್ಛಿಕವಲ್ಲ, ಹಾಗಾಗಿ ಸಾಮಾನ್ಯ ನಾಯ್ಸ್ ಸ್ಲೈಡರ್ ಅವನ್ನು ‘ಡೀಟೇಲ್’ ಎಂದು ತಿಳಿದು ಜೋಪಾನ ಮಾಡುತ್ತದೆ. ಉರಿಚುಕ್ಕೆಗೆ ಡಾರ್ಕ್‌ಟೇಬಲ್, ರಾಥೆರಪಿ ಎಂಬ ರಾ ಎಡಿಟರ್‌ಗಳೆರಡರಲ್ಲೂ ಪ್ರತ್ಯೇಕ ಹಾಟ್ ಪಿಕ್ಸೆಲ್ ಟೂಲ್ ಇದೆ.

ಪರೀಕ್ಷಾ ಚಿತ್ರ ತೆಗೆಯುವುದು

ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಮಾದರಿಗಿಂತ ನಿಮ್ಮದೇ ಕ್ಯಾಮೆರಾದಲ್ಲಿ ತೆಗೆದದ್ದು ಮೇಲು, ಏಕೆಂದರೆ ನಾಯ್ಸಿನ ಗುಣ ಸೆನ್ಸರಿನಿಂದ ಸೆನ್ಸರಿಗೆ ಬೇರೆ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಕೂರಿಸಿ. ಸ್ಟೆಬಿಲೈಸೇಶನ್ ಆಫ್, ಫೋಕಸ್ ಮ್ಯಾನ್ಯುಯಲ್, ವೈಟ್ ಬ್ಯಾಲೆನ್ಸ್ ಒಂದೇ ಕಡೆ ಸ್ಥಿರ, ಅಪರ್ಚರ್ ಎಫ್/5.6 ಅಥವಾ ಎಫ್/8, ಶಟರ್‌ಗೆ 2 ಸೆಕೆಂಡ್ ಟೈಮರ್. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆಫ್ ಮಾಡಲು ಮರೆಯಬೇಡಿ: ಹೈ ಐಎಸ್‌ಒ ನಾಯ್ಸ್ ರಿಡಕ್ಷನ್ ಸಾಮಾನ್ಯವಾಗಿ ಜೆಪೆಗ್‌ಗೆ ಮಾತ್ರ ತಗಲುತ್ತದೆ, ಆದರೆ ಲಾಂಗ್ ಎಕ್ಸ್‌ಪೋಶರ್‌ನದು ರಾ ಫೈಲನ್ನೂ ಬದಲಿಸುತ್ತದೆ.

ಬೆಳಕನ್ನು ಕದಲಿಸದೆ, ಅಪರ್ಚರ್ ಬದಲಿಸದೆ, ಶಟರ್ ಮತ್ತು ಐಎಸ್‌ಒ ಮಾತ್ರ ಜೋಡಿಯಾಗಿ ಬದಲಿಸಿ. ಒಂದು ಉದಾಹರಣೆ ಸರಣಿ ಹೀಗಿರಬಹುದು:

ಐಎಸ್‌ಒ 100, 4 ಸೆಕೆಂಡ್ (ಇದೇ ಆಧಾರಚಿತ್ರ)
ಐಎಸ್‌ಒ 800, 1/2 ಸೆಕೆಂಡ್
ಐಎಸ್‌ಒ 3200, 1/8 ಸೆಕೆಂಡ್
ಐಎಸ್‌ಒ 12800, 1/30 ಸೆಕೆಂಡ್
ಐಎಸ್‌ಒ 800, 1/15 ಸೆಕೆಂಡ್ (3 ಸ್ಟಾಪ್ ಕಡಿಮೆ, ನೆರಳು ಎತ್ತುವ ಪರೀಕ್ಷೆಗೆ)

1/30ಕ್ಕಿಂತ ವೇಗದ ಶಟರ್ ಬೇಡ. ಕೆಲವು ಎಲ್‌ಇಡಿ ದೀಪಗಳ ಮಿನುಗಾಟಕ್ಕೆ ಪ್ರತಿ ಚಿತ್ರದ ಹೊಳಪು ಬೇರೆಯಾಗಿ ಹೋಲಿಕೆ ಕೆಡುತ್ತದೆ. ಐಎಸ್‌ಒ 100ರಲ್ಲಿ ತೆಗೆಯುವಷ್ಟು ಹೊತ್ತು ವಸ್ತು ನಿಲ್ಲದಿದ್ದರೆ ಪರೀಕ್ಷಿಸುವ ಹೆಚ್ಚಿನ ಐಎಸ್‌ಒ ಸೆಟ್ಟಿಂಗ್‌ನಲ್ಲೇ 16 ಚಿತ್ರ ತೆಗೆದು ಸರಾಸರಿ ಮಾಡಿ. ಯಾದೃಚ್ಛಿಕ ನಾಯ್ಸ್ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ, ಆಧಾರಕ್ಕೆ ಅಷ್ಟು ಸಾಕು.

ಚೌಕಟ್ಟಿನೊಳಗೆ ಏನಿರಬೇಕು ಎಂಬುದರಲ್ಲೇ ಅರ್ಧ ಪರೀಕ್ಷೆ ಅಡಗಿದೆ. ಹೊಳೆಯದ ಬೂದು ಕಾರ್ಡ್ ಒಂದು ಬೇಕೇ ಬೇಕು, ಅಳತೆ ನಡೆಯುವುದು ಅದರ ಮೇಲೆ. ಕಪ್ಪು ಅಥವಾ ಕಡುನೀಲಿ ಬಣ್ಣದ ಒರಟು ನೇಯ್ಗೆಯ ಬಟ್ಟೆ ಇರಲಿ, ಅದರ ಅರ್ಧ ಭಾಗ ನೆರಳಿನಲ್ಲಿ ಬೀಳಲಿ. ಬ್ರಷ್ಷಿನ ಅಥವಾ ಗೊಂಬೆಯ ಕೂದಲು. ಬೂದು ಬಟ್ಟೆಯ ಮೇಲೆ ಹಾಯಿಸಿದ ಕೆಂಪು ದಾರ, ನೀಲಿ ದಾರ. ಸಣ್ಣದರಿಂದ ಅತಿಸಣ್ಣಕ್ಕೆ ಇಳಿಯುವ ಅಕ್ಷರಗಳ ಒಂದು ಪುಟ. ಇದು ಕನ್ನಡದ್ದಾದರೆ ಇನ್ನೂ ಒಳ್ಳೆಯದು: ದ ಮತ್ತು ಧ, ಪ ಮತ್ತು ಷ ಇವುಗಳ ನಡುವೆ ಇರುವುದು ಒಂದು ಸಣ್ಣ ಗೀರು ಮಾತ್ರ, ಟೂಲ್ ಎಲ್ಲಿ ಸೋಲುತ್ತದೆ ಎಂಬುದು ಆ ಗೀರಿನಲ್ಲಿ ಥಟ್ಟನೆ ತಿಳಿಯುತ್ತದೆ. ಒಂದು ತುಂಡು ಮರಳುಕಾಗದವನ್ನೂ ಇಡಿ. ಅದರ ಮೈ ಥೇಟ್ ನಾಯ್ಸಿನ ಹಾಗೇ ಕಾಣುವುದರಿಂದ ಟೂಲ್‌ಗಳಿಗೆ ಇದಕ್ಕಿಂತ ಕಠಿಣ ಪ್ರಶ್ನೆಪತ್ರಿಕೆ ಇಲ್ಲ. ಹಿಂದುಗಡೆ ಒಂದು ಬದಿಯಿಂದ ಬೆಳಕು ಬೀಳುವ ಬೋಳು ಗೋಡೆ ಇದ್ದರೆ ಗ್ರೇಡಿಯೆಂಟ್ (ಹೊಳಪು ನಿಧಾನವಾಗಿ ಬದಲಾಗುವ ಜಾಗ) ಪರೀಕ್ಷೆಯೂ ಆಯಿತು.

ಇಷ್ಟೆಲ್ಲ ಜೋಡಿಸಲು ಆಗದಿದ್ದರೆ ಮೂರು ಹಳೆಯ ರಾ ಫೈಲ್ ಆರಿಸಿಕೊಳ್ಳಿ: ಒಂದು ಮುಖ, ಒಂದು ಗರಿ ಅಥವಾ ಎಲೆ ತುಂಬಿದ ಚಿತ್ರ, ಒಂದು ರಾತ್ರಿಯ ದೃಶ್ಯ. ಆದರೆ ಆಧಾರಚಿತ್ರ ಇಲ್ಲದ ಕಾರಣ ಟೂಲ್ ಹೊಸದಾಗಿ ಸೃಷ್ಟಿಸಿದ್ದನ್ನು ಹಿಡಿಯುವುದು ಅಲ್ಲಿ ಕಷ್ಟ.

ಮೊದಲು ಎಲ್ಲವನ್ನೂ ಸೊನ್ನೆಗೆ ತನ್ನಿ

ಇಲ್ಲಿ ಅವಸರ ಮಾಡಿದರೆ ಮುಂದಿನ ಎಲ್ಲ ಹೋಲಿಕೆಯೂ ಹಾಳು. ಲೈಟ್‌ರೂಮ್ ರಾ ಫೈಲ್ ತೆರೆದೊಡನೆ ತಾನಾಗಿಯೇ ಶಾರ್ಪನಿಂಗ್ (ಅಂಚುಗಳನ್ನು ಚೂಪು ಮಾಡುವುದು) 40, ಕಲರ್ ನಾಯ್ಸ್ ರಿಡಕ್ಷನ್ 25 ಹಾಕಿರುತ್ತದೆ. ಎರಡನ್ನೂ ಸೊನ್ನೆ ಮಾಡಿ. ಟೆಕ್ಸ್ಚರ್, ಕ್ಲ್ಯಾರಿಟಿ, ಡಿಹೇಜ್ ಸಹ ಸೊನ್ನೆ. ಡಿಎಕ್ಸ್‌ಒ ಟೂಲ್‌ಗಳಲ್ಲಿ ಲೆನ್ಸಿನ ಮಸುಕನ್ನು ತಿದ್ದುವ ಆಯ್ಕೆ ಇದೆ, ಟೋಪಾಜ್‌ನಲ್ಲಿ ಡಿನಾಯ್ಸ್ ಪಕ್ಕದಲ್ಲೇ ಶಾರ್ಪನ್ ಇದೆ. ಇವು ಆನ್ ಆಗಿದ್ದರೆ ಆ ಟೂಲ್ ‘ಡೀಟೇಲ್ ಹೆಚ್ಚು ಉಳಿಸಿತು’ ಎಂಬ ತಪ್ಪು ತೀರ್ಮಾನ ಖಚಿತ. ಅದು ಉಳಿಸಿದ್ದಲ್ಲ, ಅಂಚುಗಳಿಗೆ ಕಾಡಿಗೆ ಹಚ್ಚಿದ್ದು.

ಲೆನ್ಸ್ ಡಿಸ್ಟಾರ್ಶನ್ ತಿದ್ದುಪಡಿಯನ್ನು ಎಲ್ಲ ಕಡೆಯೂ ಆಫ್ ಇಡಿ. ಅದು ಪಿಕ್ಸೆಲ್‌ಗಳ ಜಾಗ ಬದಲಿಸುವುದರಿಂದ ಎರಡು ಚಿತ್ರಗಳು ಒಂದರ ಮೇಲೊಂದು ಕೂರುವುದಿಲ್ಲ. ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಶರ್ ಒಂದೇ ಇರಲಿ. ಎಕ್ಸ್‌ಪೋರ್ಟ್ 16 ಬಿಟ್ ಟಿಫ್, ಒಂದೇ ಕಲರ್ ಸ್ಪೇಸ್, ರೀಸೈಜ್ ಇಲ್ಲ, ಔಟ್‌ಪುಟ್ ಶಾರ್ಪನಿಂಗ್ ಇಲ್ಲ. ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡಿದರೆ ಕಂಪ್ರೆಶನ್ನೇ ಒಂದಿಷ್ಟು ಸೂಕ್ಷ್ಮ ವಿವರ ನುಂಗಿ, ಟೂಲ್‌ಗಳ ನಡುವಿನ ವ್ಯತ್ಯಾಸವನ್ನು ಮುಚ್ಚಿಹಾಕುತ್ತದೆ.

ಉಳಿದ ನಾಯ್ಸನ್ನು ಸಮ ಮಾಡುವುದು

ಬೂದು ಕಾರ್ಡಿನ ಮೇಲೆ, ಬೆಳಕು ಸಮನಾಗಿ ಬಿದ್ದಿರುವ ಕಡೆ, ಸುಮಾರು 100×100 ಪಿಕ್ಸೆಲ್‌ನ ಚೌಕ ಆಯ್ಕೆ ಮಾಡಿ. ಫೋಟೋಶಾಪ್‌ನಲ್ಲಿ ಹಿಸ್ಟೋಗ್ರಾಮ್ ಪ್ಯಾನೆಲನ್ನು ಎಕ್ಸ್‌ಪಾಂಡೆಡ್ ವ್ಯೂನಲ್ಲಿ ತೆರೆದರೆ ಮೀನ್ (ಸರಾಸರಿ), ಸ್ಟ್ಯಾಂಡರ್ಡ್ ಡೀವಿಯೇಶನ್ (ಸರಾಸರಿಯಿಂದ ಏರುಪೇರಿನ ಅಳತೆ) ಎರಡೂ ಕಾಣುತ್ತವೆ. ಮೂಲೆಯ ಎಚ್ಚರಿಕೆ ಚಿಹ್ನೆ ಇದ್ದರೆ ಅದನ್ನು ಕ್ಲಿಕ್ ಮಾಡಿ ಅಂಕಿ ಹೊಸದಾಗಿಸಿ. ಗಿಂಪ್‌ನಲ್ಲಿ ಹಿಸ್ಟೋಗ್ರಾಮ್ ಡೈಲಾಗ್ ಇದೇ ಅಂಕಿಗಳನ್ನು ಕೊಡುತ್ತದೆ. 16 ಬಿಟ್ ಚಿತ್ರಕ್ಕೆ ಗಿಂಪ್ ಅದನ್ನು 0ರಿಂದ 1ರ ಅಳತೆಯಲ್ಲಿ ತೋರಿಸಬಹುದು. ನಮಗೆ ಬೇಕಾದ್ದು ಅನುಪಾತ, ಹಾಗಾಗಿ ತೊಂದರೆ ಇಲ್ಲ. ಇಮೇಜ್‌ಜೆ ಬಳಸುವವರಿಗೆ ಅನಲೈಜ್ ಮೆನುವಿನ ಮೆಶರ್ ಇದೆ.

ನಾಯ್ಸ್ ರಿಡಕ್ಷನ್ ಇಲ್ಲದ ಚಿತ್ರದಲ್ಲಿ ಸ್ಟ್ಯಾಂಡರ್ಡ್ ಡೀವಿಯೇಶನ್ 12 ಬಂತು ಅಂದುಕೊಳ್ಳಿ. ಗುರಿ 4 ಎಂದು ನಿಗದಿ ಮಾಡಿ. ಮೊದಲ ಟೂಲಿನ ಸ್ಲೈಡರನ್ನು ಅದೇ ಚೌಕದಲ್ಲಿ 4 ಬರುವವರೆಗೆ ಹೊಂದಿಸಿ, ಎರಡನೆಯದನ್ನೂ ಹಾಗೇ. ಒಂದರಲ್ಲಿ ಸ್ಲೈಡರ್ 35ಕ್ಕೆ ನಿಲ್ಲಬಹುದು, ಇನ್ನೊಂದರಲ್ಲಿ 70ಕ್ಕೆ. ಆ ಅಂಕಿಗೆ ಬೆಲೆ ಇಲ್ಲ. ಸ್ಲೈಡರೇ ಇಲ್ಲದ ಅಥವಾ ಎರಡೇ ಹಂತವಿರುವ ಟೂಲಾದರೆ, ಅದರ ಫಲಿತಾಂಶವನ್ನು ಮೂಲ ಚಿತ್ರದ ಮೇಲಿನ ಲೇಯರಾಗಿ ಇಟ್ಟು, 4 ಬರುವವರೆಗೆ ಒಪಾಸಿಟಿ ಇಳಿಸಿ.

ಮೀನ್ ಕೂಡ ಬರೆದಿಟ್ಟುಕೊಳ್ಳಿ. ನಾಯ್ಸ್ ತೆಗೆದ ಮೇಲೆ ಮೀನ್ ಬದಲಾಗಿದ್ದರೆ ಟೂಲ್ ಹೊಳಪಿಗೂ ಕೈಹಾಕಿದೆ ಎಂದರ್ಥ. ಇದನ್ನು ಕಪ್ಪು ಬಟ್ಟೆಯ ನೆರಳಿನ ಭಾಗದಲ್ಲಿ ಕೆಂಪು, ಹಸಿರು, ನೀಲಿ ಚಾನೆಲ್‌ಗಳಿಗೆ ಬೇರೆಬೇರೆಯಾಗಿ ನೋಡುವುದು ಒಳ್ಳೆಯದು. ಕೆಂಪು ಮತ್ತು ನೀಲಿ ಏರಿ ಹಸಿರು ನಿಂತಲ್ಲೇ ನಿಂತಿದ್ದರೆ ನೆರಳುಗಳು ನೇರಳೆಗೆ ತಿರುಗಿವೆ. ಪರದೆಯ ಮೇಲೆ ಮೊದಲ ನೋಟಕ್ಕೆ ಇದು ಗೊತ್ತಾಗುವುದೇ ಇಲ್ಲ.

ಈ ಅಳತೆಗೆ ಒಂದು ಕಣ್ಕಟ್ಟು ಇದೆ. ಎರಡೂ ಚಿತ್ರದಲ್ಲಿ 4 ಬಂದರೂ ಒಂದರಲ್ಲಿ ಉಳಿದದ್ದು ಹಿಟ್ಟಿನಂಥ ಸಣ್ಣ ಕಾಳು, ಇನ್ನೊಂದರಲ್ಲಿ ದೊಡ್ಡ ದೊಡ್ಡ ಮಚ್ಚೆ ಇರಬಹುದು. ಪ್ರತ್ಯೇಕಿಸಲು ಎರಡನ್ನೂ ಉದ್ದಗಲ ಶೇಕಡಾ 25ಕ್ಕೆ ಇಳಿಸಿ ಅದೇ ಜಾಗ ಮತ್ತೆ ಅಳೆಯಿರಿ. 16 ಪಿಕ್ಸೆಲ್ ಸೇರಿ ಒಂದಾಗುವುದರಿಂದ ಬಿಡಿಕಾಳಿನ ನಾಯ್ಸ್ ನಾಲ್ಕನೇ ಒಂದಕ್ಕೆ, ಅಂದರೆ 1ರ ಆಸುಪಾಸಿಗೆ ಇಳಿಯಬೇಕು. 3ರಲ್ಲೇ ನಿಂತರೆ ಉಳಿದದ್ದು ಮಚ್ಚೆ. ಆಕಾಶ ಮತ್ತು ಚರ್ಮದ ಮೇಲೆ ಕಣ್ಣಿಗೆ ಚುಚ್ಚುವುದು ಈ ಮಚ್ಚೆಯೇ, ಪ್ರಿಂಟಿನಲ್ಲೂ ಕಾಣುತ್ತದೆ. ಸಣ್ಣ ಕಾಳು ಕಾಣುವುದಿಲ್ಲ.

ತೆಗೆದದ್ದೇನು ಎಂದು ನೋಡುವುದು

ಇಡೀ ಪರೀಕ್ಷೆಯಲ್ಲಿ ಅತಿ ಹೆಚ್ಚು ತಿಳಿಸುವ ಹಂತ ಇದೇ. ಆಂತೊನಿ ಬ್ಯುಆಡೆಸ್, ಬಾರ್ತೊಮೆಯು ಕೊಲ್, ಜಾನ್-ಮಿಶೆಲ್ ಮೊರೆಲ್ ಎಂಬ ಗಣಿತಜ್ಞರು 2005ರಲ್ಲಿ ನಾನ್-ಲೋಕಲ್ ಮೀನ್ಸ್ ವಿಧಾನವನ್ನು ಮಂಡಿಸಿದಾಗ ಬಳಸಿದ ಉಪಾಯವೂ ಇದೇ: ಮೂಲದಿಂದ ಫಲಿತಾಂಶವನ್ನು ಕಳೆದು, ಉಳಿದ ಶೇಷವನ್ನು ಚಿತ್ರವಾಗಿ ನೋಡುವುದು. ಆ ಶೇಷ ಬರೀ ನಾಯ್ಸಿನಂತೆ ಕಾಣಬೇಕು.

ಫೋಟೋಶಾಪ್‌ನಲ್ಲಿ ಮೂಲ ಚಿತ್ರ ಕೆಳಗೆ, ನಾಯ್ಸ್ ತೆಗೆದದ್ದು ಮೇಲೆ. ಮೇಲಿನ ಲೇಯರಿನ ಬ್ಲೆಂಡ್ ಮೋಡ್ ‘ಡಿಫರೆನ್ಸ್’. ಎಲ್ಲ ಕಪ್ಪಾಗುತ್ತದೆ. ಅದರ ಮೇಲೆ ಲೆವೆಲ್ಸ್ ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿ ಬಿಳಿಯ ತುದಿಯನ್ನು 255ರಿಂದ 30ರ ಸುಮಾರಿಗೆ ಎಳೆಯಿರಿ. ಗಿಂಪ್‌ನಲ್ಲಾದರೆ ‘ಗ್ರೇನ್ ಎಕ್ಸ್‌ಟ್ರಾಕ್ಟ್’ ಮೋಡ್ ಇನ್ನೂ ಅನುಕೂಲ, ವ್ಯತ್ಯಾಸ ಇಲ್ಲದ ಕಡೆ ನಡುಬೂದು ಬರುತ್ತದೆ, ಏರು ಮತ್ತು ಇಳಿ ಎರಡೂ ಬೇರೆಬೇರೆ ಕಾಣುತ್ತವೆ.

ಈಗ 100% ಝೂಮ್‌ನಲ್ಲಿ ನೋಡಿ. ಪರದೆಯ ತುಂಬ ರೂಪವಿಲ್ಲದ ಮರಳು ಕಂಡರೆ ಟೂಲ್ ನ್ಯಾಯವಾಗಿ ಕೆಲಸ ಮಾಡಿದೆ. ಬಟ್ಟೆಯ ನೇಯ್ಗೆಯ ಗೆರೆಗಳು, ಅಕ್ಷರದ ಹೊರರೇಖೆ, ಕೂದಲಿನ ಎಳೆ ಅಲ್ಲಿ ಓದುವಷ್ಟು ಸ್ಪಷ್ಟವಾಗಿ ಕಾಣುತ್ತಿದ್ದರೆ ಅವೆಲ್ಲ ನಿಮ್ಮ ಫೋಟೋದಿಂದ ಹೊರಗೆ ಹೋದ ಮಾಲು.

ಎರಡು ಕಡೆ ಮೋಸಹೋಗುವ ಸಾಧ್ಯತೆ ಇದೆ. ಕಪ್ಪು ಭಾಗದ ಶೇಷವೂ ಬಿಳಿ ಭಾಗದ ಶೇಷವೂ ಬೇರೆ ತೀವ್ರತೆಯಲ್ಲಿ ಇರುವುದು ಸಹಜ, ಏಕೆಂದರೆ ನಾಯ್ಸಿನ ಪ್ರಮಾಣವೇ ಅಲ್ಲಿ ಬೇರೆ. ಆ ಪ್ರದೇಶಗಳ ಆಕಾರ ಕಂಡರೆ ದೋಷವಲ್ಲ. ಅಂಚಿನುದ್ದಕ್ಕೂ ಚೂಪಾದ ಗೆರೆ ಕಂಡರೆ ದೋಷ. ಎರಡನೆಯದು, ಡಿಮೊಸೈಕನ್ನೂ ತಾನೇ ಹೊಸದಾಗಿ ಮಾಡುವ ಡಿಎಕ್ಸ್‌ಒದ ಡೀಪ್‌ಪ್ರೈಮ್, ಅಡೋಬಿ ಡಿನಾಯ್ಸ್‌ನಂಥ ಎಐ ಟೂಲ್‌ಗಳಲ್ಲಿ ಅಂಚಿನ ಗೆರೆಗಳು ಶೇಷದಲ್ಲಿ ಕಾಣಿಸಿಯೇ ತೀರುತ್ತವೆ. ಅದು ಹಳೆಯ ಡಿಮೊಸೈಕಿನ ತಪ್ಪನ್ನು ತಿದ್ದಿದ ಗುರುತೂ ಆಗಿರಬಹುದು. ಇಂಥ ಕಡೆ ಶೇಷವನ್ನು ನಂಬದೆ ಐಎಸ್‌ಒ 100ರ ಆಧಾರಚಿತ್ರದ ಜೊತೆ ನೇರವಾಗಿ ಹೋಲಿಸಿ. ಎರಡು ಲೇಯರ್ ಸರಿಯಾಗಿ ಜೋಡಿಸಿ ಮೇಲಿನದರ ಕಣ್ಣಿನ ಚಿಹ್ನೆಯನ್ನು ಬೇಗಬೇಗ ಒತ್ತಿ ಮಿನುಗಿಸಿದರೆ, ಬದಲಾದ ಜಾಗ ತಾನೇ ಕುಣಿದು ತೋರಿಸುತ್ತದೆ. ಅಕ್ಕಪಕ್ಕ ಇಟ್ಟು ನೋಡುವುದಕ್ಕಿಂತ ಇದು ಎಷ್ಟೋ ಸೂಕ್ಷ್ಮ.

ಕಣ್ಣು ಎಲ್ಲಿ ಹಾಯಬೇಕು

ಕಾಂಟ್ರಾಸ್ಟ್ ಜೋರಾಗಿರುವ ಅಂಚುಗಳನ್ನು ಎಲ್ಲ ಟೂಲ್‌ಗಳೂ ಉಳಿಸುತ್ತವೆ, ಅಲ್ಲಿ ಹೊತ್ತು ಕಳೆಯಬೇಡಿ. ಕಪ್ಪು ಬಟ್ಟೆಯ ನೇಯ್ಗೆಗೆ ನೇರ ಹೋಗಿ. ಟೂಲಿಗೆ ನಾಯ್ಸ್ ಯಾವುದು, ವಿವರ ಯಾವುದು ಎಂದು ತಿಳಿಯುವುದು ಮುಖ್ಯವಾಗಿ ಏರಿಳಿತದ ಗಾತ್ರದಿಂದ. ನೇಯ್ಗೆಯ ಏರಿಳಿತ ನಾಯ್ಸಿನಷ್ಟೇ ಇದ್ದಾಗ ಅದಕ್ಕೆ ಗುರುತು ಸಿಗುವುದಿಲ್ಲ. ಬೆಳಕಿನಲ್ಲಿರುವ ಅರ್ಧದಲ್ಲಿ ನೇಯ್ಗೆ ಇದ್ದು ನೆರಳಿನ ಅರ್ಧಕ್ಕೆ ಬರುವ ಹೊತ್ತಿಗೆ ಮಾಯವಾಗುತ್ತದೆ. ಯಾವ ಟೂಲಿನಲ್ಲಿ ಆ ಗಡಿ ನೆರಳಿನೊಳಕ್ಕೆ ಹೆಚ್ಚು ದೂರ ಹೋಗಿದೆಯೋ ಅದು ಗೆದ್ದಿತು. ಗಡಿ ನಿಧಾನವಾಗಿ ಮಸುಕಾಗುತ್ತಿದೆಯೋ, ಕತ್ತರಿಸಿದಂತೆ ಥಟ್ಟನೆ ನಿಲ್ಲುತ್ತದೆಯೋ ಎಂಬುದನ್ನೂ ಗಮನಿಸಿ. ಥಟ್ಟನೆ ನಿಂತರೆ ಒಂದೇ ಬಟ್ಟೆ ಅರ್ಧ ಹತ್ತಿ, ಅರ್ಧ ಪ್ಲಾಸ್ಟಿಕ್ ಎಂಬಂತೆ ಕಾಣುತ್ತದೆ.

ಹಳೆಯ ವಿಧಾನಗಳು ಸೋಲುವ ರೀತಿ ಬೇರೆಬೇರೆ. 1998ರಲ್ಲಿ ಬಂದ ಬೈಲ್ಯಾಟರಲ್ ಫಿಲ್ಟರ್ ಜಾತಿಯವು ಅಂಚು ಉಳಿಸುತ್ತವೆ, ನಡುವಿನ ನವಿರಾದ ಮೈಯನ್ನು ಬಣ್ಣ ಬಳಿದಂತೆ ಮಾಡುತ್ತವೆ. ನಾನ್-ಲೋಕಲ್ ಮೀನ್ಸ್ ಮತ್ತು 2007ರ ಬಿಎಂ3ಡಿ, ಚಿತ್ರದೊಳಗೆ ಒಂದನ್ನೊಂದು ಹೋಲುವ ತುಣುಕುಗಳನ್ನು ಹುಡುಕಿ ಅವುಗಳ ನೆರವಿನಿಂದ ನಾಯ್ಸ್ ಇಳಿಸುತ್ತವೆ. ಮತ್ತೆ ಮತ್ತೆ ಬರುವ ನೇಯ್ಗೆ, ಇಟ್ಟಿಗೆ ಗೋಡೆ ಚೆನ್ನಾಗಿ ಉಳಿಯುತ್ತದೆ, ಒಂದೇ ಒಂದು ಕಡೆ ಇರುವ ಸಣ್ಣ ಗೀರು ಅಳಿಯುತ್ತದೆ. ಚಿತ್ರವನ್ನು ಸಣ್ಣ–ದೊಡ್ಡ ವಿವರಗಳ ಪದರಗಳಾಗಿ ಬಿಡಿಸುವ ವೇವ್‌ಲೆಟ್ ವಿಧಾನ ಅತಿಯಾದರೆ ಹುಳು ಹರಿದಂಥ ಸಣ್ಣ ಗೆರೆಗಳು ಉಳಿಯುತ್ತವೆ. ಕೂದಲಿನ ಅಥವಾ ಕೊಂಬೆಯ ಸುತ್ತ ನಾಯ್ಸಿನ ಒಂದು ತೆಳು ಅಂಚುಪಟ್ಟಿ ಹಾಗೇ ಉಳಿದು, ಅದರಾಚೆ ಎಲ್ಲ ನುಣ್ಣಗಿರುವುದು ಸಾಂಪ್ರದಾಯಿಕ ಟೂಲ್‌ಗಳ ಸಾಮಾನ್ಯ ಲಕ್ಷಣ.

ಲೈಟ್‌ರೂಮಿನ ಮ್ಯಾನ್ಯುಯಲ್ ಸ್ಲೈಡರ್‌ಗಳಲ್ಲಿ ಲ್ಯೂಮಿನೆನ್ಸ್ (ಹೊಳಪಿನ ನಾಯ್ಸ್) ಕೆಳಗಿರುವ ಡೀಟೇಲ್ 50ರಲ್ಲಿ ಇರುತ್ತದೆ. ಅದನ್ನು ಏರಿಸಿದರೆ ವಿವರ ಉಳಿಯುತ್ತದೆ, ಜೊತೆಗೆ ಅಲ್ಲಲ್ಲಿ ನಾಯ್ಸಿನ ಗುಂಪುಗಳೂ ಉಳಿಯುತ್ತವೆ. ಈ ಸ್ಲೈಡರನ್ನು ಮುಟ್ಟದೆ ಲ್ಯೂಮಿನೆನ್ಸ್ ಒಂದನ್ನೇ ಎಳೆದು ‘ಹಳೆಯ ಟೂಲ್ ಕೆಲಸಕ್ಕೆ ಬಾರದು’ ಅನ್ನುವುದು ಅನ್ಯಾಯ. ಡಾರ್ಕ್‌ಟೇಬಲ್‌ನ ‘ಡಿನಾಯ್ಸ್ ಪ್ರೊಫೈಲ್ಡ್’ ಆಯಾ ಕ್ಯಾಮೆರಾದ, ಆಯಾ ಐಎಸ್‌ಒದ ಅಳೆದ ಪ್ರೊಫೈಲ್ ಮೇಲೆ ನಿಂತಿದೆ. ಪ್ರೊಫೈಲ್ ಹೆಸರಿನಲ್ಲಿ ನಿಮ್ಮ ಕ್ಯಾಮೆರಾ ಇದೆಯೇ ಎಂದು ಮೊದಲು ನೋಡಿ. ರಾಥೆರಪಿಯ ಹಲವು ಆವೃತ್ತಿಗಳಲ್ಲಿ 100%ಗಿಂತ ಕಡಿಮೆ ಝೂಮ್‌ನಲ್ಲಿ ನಾಯ್ಸ್ ರಿಡಕ್ಷನ್ ಪರಿಣಾಮ ಪ್ರಿವ್ಯೂನಲ್ಲಿ ಬರುವುದಿಲ್ಲ, ಸ್ಲೈಡರ್ ಎಳೆದರೂ ಏನೂ ಆಗಲಿಲ್ಲ ಎಂದು ಕಂಗಾಲಾಗಬೇಕಿಲ್ಲ.

ಬಣ್ಣದ ನಾಯ್ಸಿಗೆ ಬೇರೆ ಪರೀಕ್ಷೆ. ಮೇಲೊಂದು ಸ್ಯಾಚುರೇಶನ್ ಲೇಯರ್ ಹಾಕಿ ತಾತ್ಕಾಲಿಕವಾಗಿ ಪೂರ್ತಿ ಏರಿಸಿ. ಬರಿಗಣ್ಣಿಗೆ ಕಾಣದ ಹಸಿರು–ನೇರಳೆ ಮಚ್ಚೆಗಳೆಲ್ಲ ಎದ್ದು ನಿಲ್ಲುತ್ತವೆ. ಕಲರ್ ಸ್ಲೈಡರನ್ನು ಸೊನ್ನೆಯಿಂದ ಏರಿಸುತ್ತಾ ಬನ್ನಿ. ಜೊತೆಗೆ ಕೆಂಪು ದಾರದ ಮೇಲೊಂದು ಕಣ್ಣಿರಲಿ: ಮಚ್ಚೆ ಹೋಗುವ ಮೊದಲೇ ದಾರದ ಕೆಂಪು ಬೂದಿಗೆ ತಿರುಗಿದರೆ, ಅಥವಾ ಕೆಂಪು ಪಕ್ಕದ ಬಟ್ಟೆಗೆ ಸೋರಿದರೆ ಆ ಟೂಲಿನ ಬಣ್ಣದ ಕೆಲಸ ಸರಿಯಿಲ್ಲ. ತುಟಿ, ದೂರದ ಸಣ್ಣ ದೀಪ, ಹಕ್ಕಿಯ ಕಣ್ಣಿನ ಸುತ್ತಲಿನ ಉಂಗುರ ಇವು ನಿಜ ಜೀವನದ ಚಿತ್ರಗಳಲ್ಲಿ ಹೀಗೆಯೇ ಬಣ್ಣ ಕಳೆದುಕೊಳ್ಳುವುದು.

ಬೋಳು ಗೋಡೆಯ ಮೇಲೆ ನೋಡಬೇಕಾದ್ದು ಒಂದೇ: ನಾಯ್ಸ್ ಪೂರ್ತಿ ಹೋದ ಮೇಲೆ 8 ಬಿಟ್‌ಗೆ ಇಳಿಸಿದಾಗ ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿ ಕಾಣುತ್ತದೆಯೇ. ಸ್ವಲ್ಪ ನಾಯ್ಸ್ ಆ ಮೆಟ್ಟಿಲುಗಳನ್ನು ಮುಚ್ಚಿಡುತ್ತದೆ. ಆದ್ದರಿಂದ ಆಕಾಶವಿರುವ ಚಿತ್ರದಲ್ಲಿ ನಾಯ್ಸನ್ನು ಸೊನ್ನೆಗೆ ಇಳಿಸುವುದು ಜಾಣತನವಲ್ಲ. ಇಳಿಸಿದ್ದರೆ ಕೊನೆಯಲ್ಲಿ ತುಸು ಗ್ರೇನ್ ಸೇರಿಸಿ.

ಎಐ ಟೂಲ್‌ಗಳಿಗೆ ಹೆಚ್ಚಿನ ತಪಾಸಣೆ

ಡಿಎಕ್ಸ್‌ಒ 2020ರಲ್ಲಿ ಡೀಪ್‌ಪ್ರೈಮ್ ತಂದಿತು, ಅಡೋಬಿ 2023ರ ಏಪ್ರಿಲ್‌ನಲ್ಲಿ ಲೈಟ್‌ರೂಮಿಗೆ ಎಐ ಡಿನಾಯ್ಸ್ ಸೇರಿಸಿತು. ಹೆಚ್ಚಿನ ಐಎಸ್‌ಒದಲ್ಲಿ ಇಂಥ ಟೂಲ್‌ಗಳು ಹಳೆಯ ಸ್ಲೈಡರ್‌ಗಳಿಗಿಂತ ಮುಂದಿವೆ, ಇದರಲ್ಲಿ ವಾದವಿಲ್ಲ. ಆದರೆ ಇವು ಕೆಡುವ ಬಗೆಯೇ ಬೇರೆ. ಹಳೆಯ ಟೂಲ್ ಸೋತರೆ ಮಸುಕು ಕೊಡುತ್ತದೆ. ಎಐ ಸೋತರೆ ನಂಬುವಂಥ ಸುಳ್ಳು ಕೊಡುತ್ತದೆ.

ಅಕ್ಷರಗಳ ಪುಟವನ್ನು 200%ಗೆ ಹಿಗ್ಗಿಸಿ. ಓದಲಾಗದಷ್ಟು ಸಣ್ಣ ಸಾಲಿನಲ್ಲಿ ಅಕ್ಷರಗಳು ಮಸುಕಾಗಿದ್ದರೆ ಪ್ರಾಮಾಣಿಕ ಫಲಿತಾಂಶ. ಚೂಪಾದ, ಆದರೆ ಯಾವ ಅಕ್ಷರವೂ ಅಲ್ಲದ ಗೀಚುಗಳಿದ್ದರೆ ಅದು ಕಟ್ಟುಕತೆ. ದೂರದಲ್ಲಿ ನಿಂತ ಮನುಷ್ಯರ ಮುಖದಲ್ಲೂ ಹೀಗೇ ಕಣ್ಣು–ಬಾಯಿ ಚೂಪಾಗಿ ಮೂಡಿ ಬೇರೆ ಯಾರೋ ಆಗಿಬಿಡುತ್ತಾರೆ. ಮರಳುಕಾಗದದ ಮೇಲೆ ನಿಜವಾದ ಹರಳುಗಳ ಜಾಗದಲ್ಲಿ ಬೇರೆ ಹರಳುಗಳು ಬಂದಿವೆಯೇ ಎಂದು ಆಧಾರಚಿತ್ರದ ಜೊತೆ ಮಿನುಗಿಸಿ ನೋಡಿ. ರಾತ್ರಿ ಆಕಾಶದ ಚಿತ್ರದಲ್ಲಿ ಮಂಕು ನಕ್ಷತ್ರಗಳನ್ನು ಒಂದು ಸಣ್ಣ ಚೌಕದಲ್ಲಿ ಎಣಿಸಿ, ಮೊದಲು ಎಷ್ಟು, ಆಮೇಲೆ ಎಷ್ಟು. ಫೋಕಸ್ಸಿನಿಂದ ಮಸುಕಿಗೆ ಜಾರುವ ಭಾಗದಲ್ಲಿ ಒಂದು ತೇಪೆ ವಿವರವಾಗಿ, ಪಕ್ಕದ ತೇಪೆ ನುಣ್ಣಗೆ ಆಗಿದೆಯೇ ಎಂಬುದೂ ಮುಖ್ಯ. ಈ ಟೂಲ್‌ಗಳು ದೊಡ್ಡ ಚಿತ್ರವನ್ನು ಚೌಕಗಳಾಗಿ ಕತ್ತರಿಸಿ ಸಂಸ್ಕರಿಸುವುದುಂಟು. ಸಮಬಣ್ಣದ ಗೋಡೆಯ ಮೇಲೆ ಕಾಂಟ್ರಾಸ್ಟ್ ಎತ್ತಿ ನೋಡಿದರೆ ಚೌಕಗಳ ಸೇರುಗೆರೆ ಇದ್ದಲ್ಲಿ ಕಾಣುತ್ತದೆ.

3200ರಲ್ಲಿ ಸರಿಯಿದ್ದದ್ದು 12800ರಲ್ಲಿ ಕೆಡಬಹುದು. 3 ಸ್ಟಾಪ್ ಎತ್ತಿದ ಫೈಲನ್ನೂ ಹಾಯಿಸಿ ನೋಡಿ. ಫೈಲಿನಲ್ಲಿ ಐಎಸ್‌ಒ 800 ಎಂದು ಬರೆದಿದ್ದು ನಾಯ್ಸ್ 6400ರಷ್ಟಿರುವಾಗ, ಐಎಸ್‌ಒ ಓದಿಕೊಂಡು ಪ್ರಮಾಣ ನಿರ್ಧರಿಸುವ ಟೂಲ್ ಕಡಿಮೆ ಕೆಲಸ ಮಾಡಿ ಸುಮ್ಮನಾಗುತ್ತದೆ.

ಜೆಪೆಗ್, ಗಾತ್ರ, ಅಂಕಿ

ಜೆಪೆಗ್ 8×8 ಪಿಕ್ಸೆಲ್‌ನ ಚೌಕಗಳಲ್ಲಿ ಕಂಪ್ರೆಸ್ ಆಗುತ್ತದೆ, ಬಣ್ಣದ ವಿವರವನ್ನು ಸಾಮಾನ್ಯವಾಗಿ ಇನ್ನೂ ಕಡಿಮೆ ಇಟ್ಟುಕೊಳ್ಳುತ್ತದೆ. ಫೋನಿನ ಜೆಪೆಗ್ ಅಂತೂ ಒಳಗೇ ಒಮ್ಮೆ ನಾಯ್ಸ್ ತೆಗೆದು ಶಾರ್ಪನ್ ಆಗಿ ಬಂದಿರುತ್ತದೆ. ಅಲ್ಲಿ ಉಳಿದದ್ದು ನಾಯ್ಸಿಗಿಂತ ಹೆಚ್ಚಾಗಿ ಅದರ ಅವಶೇಷ. ಜೆಪೆಗ್‌ಗೆ ಟೂಲ್ ಬೇಕಿದ್ದರೆ ಜೆಪೆಗ್‌ನಲ್ಲೇ ಪ್ರತ್ಯೇಕ ಪರೀಕ್ಷೆ ಮಾಡಿ. ಚೌಕಗಳ ಅಂಚು ಎದ್ದು ಕಾಣತೊಡಗಿದರೆ ಪ್ರಮಾಣ ಅತಿಯಾಯಿತು.

ಚಿತ್ರ ಕೊನೆಗೆ ಯಾವ ಗಾತ್ರದಲ್ಲಿ ಹೋಗುತ್ತದೆ ಎಂಬುದನ್ನು ಮರೆತು ಪಿಕ್ಸೆಲ್ ಎಣಿಸುತ್ತಾ ಕೂರುವುದೂ ಇದೆ. 24 ಮೆಗಾಪಿಕ್ಸೆಲ್‌ನ 6000×4000 ಚಿತ್ರವನ್ನು 2000 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ 9 ಪಿಕ್ಸೆಲ್ ಸೇರಿ ಒಂದಾಗಿ, ಬಿಡಿಕಾಳಿನ ನಾಯ್ಸ್ ತಾನಾಗಿಯೇ ಮೂರನೇ ಒಂದಕ್ಕೆ ಇಳಿಯುತ್ತದೆ. ಐಎಸ್‌ಒ 1600ರ ಚಿತ್ರವನ್ನು ವೆಬ್‌ಗೆ ಹಾಕುವುದಾದರೆ ಬಹಳಷ್ಟು ಸಂದರ್ಭಗಳಲ್ಲಿ ಬಣ್ಣದ ನಾಯ್ಸ್ ಒಂದನ್ನೇ ತೆಗೆದರೆ ಸಾಕು. ಪ್ರಿಂಟಿಗೆ ಹೋಗುವುದಾದರೆ ಇಡೀ ಚಿತ್ರ ಮುದ್ರಿಸಿ ದುಡ್ಡು ಸುರಿಯಬೇಡಿ: 300 ಪಿಪಿಐನಲ್ಲಿ (ಇಂಚಿಗೆ 300 ಪಿಕ್ಸೆಲ್) ಆ 6000×4000 ಚಿತ್ರ 20 ಇಂಚು ಅಗಲ ಬರುತ್ತದೆ, ಅದರಿಂದ 1800×1200 ಪಿಕ್ಸೆಲ್‌ನ ತುಣುಕು ಕತ್ತರಿಸಿ 6×4 ಇಂಚಿನಲ್ಲಿ ಮುದ್ರಿಸಿದರೆ ದೊಡ್ಡ ಪ್ರಿಂಟಿನ ಒಂದು ಭಾಗವೇ ಕೈಗೆ ಬಂದಂತೆ. ಸಾಂದ್ರತೆ ಹೆಚ್ಚಿರುವ ಪರದೆಗಳಲ್ಲಿ 100% ಝೂಮ್ ತೀರಾ ಚಿಕ್ಕದಾಗಿ ಕಾಣುವುದರಿಂದ 200%ನಲ್ಲಿ ನೋಡಿ.

ಎರಡು ಚಿತ್ರಗಳು ಎಷ್ಟು ಹೋಲುತ್ತವೆ ಎಂದು ಹೇಳುವ ಪಿಎಸ್‌ಎನ್‌ಆರ್, ಎಸ್‌ಎಸ್‌ಐಎಂ ಎಂಬ ಅಂಕಿಗಳನ್ನು ಇಮೇಜ್‌ಮ್ಯಾಜಿಕ್ ಸಾಫ್ಟ್‌ವೇರಿನ ಕಂಪೇರ್ ಕಮಾಂಡಿನಿಂದ ಆಧಾರಚಿತ್ರಕ್ಕೆ ಹೋಲಿಸಿ ತೆಗೆಯಬಹುದು. ಪಿಎಸ್‌ಎನ್‌ಆರ್ ಎಣಿಸುವುದು ಪಿಕ್ಸೆಲ್ ಪಿಕ್ಸೆಲ್ ನಡುವಿನ ತಪ್ಪಿನ ಸರಾಸರಿಯನ್ನು, ಆದ್ದರಿಂದ ಮಸುಕಾದ ಚಿತ್ರಕ್ಕೂ ಧಾರಾಳವಾಗಿ ಅಂಕ ಕೊಡುತ್ತದೆ. 2004ರಲ್ಲಿ ಬಂದ ಎಸ್‌ಎಸ್‌ಐಎಂ ರಚನೆಯ ಹೋಲಿಕೆಯನ್ನೂ ನೋಡುವುದರಿಂದ ಸ್ವಲ್ಪ ವಾಸಿ. ಅರ್ಧ ಪಿಕ್ಸೆಲ್ ಜರುಗಿದ್ದರೂ ಎರಡೂ ಅಂಕಿ ಕುಸಿಯುತ್ತವೆ, ಹಾಗಾಗಿ ಬೇರೆಬೇರೆ ಕನ್ವರ್ಟರ್‌ಗಳ ಫಲಿತಾಂಶವನ್ನು ಜೋಡಿಸದೆ ಅಳೆದರೆ ಆ ಅಂಕಿ ಕಸಕ್ಕೆ ಸಮ.

ಕಣ್ಣಿನ ತೀರ್ಪಿಗೆ ಹೆಸರಿನ ಪ್ರಭಾವ ತಟ್ಟದಿರಲಿ. ಫೈಲ್‌ಗಳಿಗೆ ಅ, ಆ, ಇ ಎಂದು ಬೇರೆಯವರಿಂದ ಹೆಸರು ಹಾಕಿಸಿ, ಪಟ್ಟಿ ಅವರ ಬಳಿಯೇ ಇರಲಿ. ದುಬಾರಿ ಟೂಲಿನ ಹೆಸರು ಗೊತ್ತಿದ್ದರೆ ನೇಯ್ಗೆ ಇಲ್ಲದ ಕಡೆಯೂ ನೇಯ್ಗೆ ಕಾಣುತ್ತದೆ.

ಕೊಳ್ಳುವ ಮುನ್ನ ವೇಗವನ್ನೂ ಲೆಕ್ಕ ಹಾಕಿ. ಟ್ರಯಲ್ ಅವಧಿಯಲ್ಲೇ 10 ರಾ ಫೈಲನ್ನು ಬ್ಯಾಚ್ ಹಾಕಿ ಗಡಿಯಾರ ಹಿಡಿಯಿರಿ. ಎಐ ಟೂಲ್‌ಗಳ ವೇಗ ಬಹುತೇಕ ಗ್ರಾಫಿಕ್ಸ್ ಕಾರ್ಡಿನ ಮೇಲೆ ನಿಂತಿದೆ, ಅದಿಲ್ಲದ ಕಂಪ್ಯೂಟರಿನಲ್ಲಿ ಒಂದೊಂದು ಫೈಲಿಗೆ ನಿಮಿಷಗಟ್ಟಲೆ ಹಿಡಿಯಬಹುದು. ಲೀನಿಯರ್ ಡಿಎನ್‌ಜಿ (ಡಿಮೊಸೈಕ್ ಮುಗಿದ ರಾ ಬಗೆಯ ಫೈಲ್) ಹೊರಹಾಕುವ ಟೂಲ್‌ಗಳು ಪ್ರತಿ ಪಿಕ್ಸೆಲ್‌ಗೆ ಒಂದರ ಬದಲು ಮೂರು ಬೆಲೆ ಬರೆಯುವುದರಿಂದ ಫೈಲ್ ಮೂಲ ರಾಗಿಂತ ಕೆಲವು ಪಟ್ಟು ದೊಡ್ಡದಾಗುತ್ತದೆ. ಲೈಟ್‌ರೂಮಿನ ಎಐ ಡಿನಾಯ್ಸ್ ಸಹ ಮೊದಲು ಹೀಗೆ ಬೇರೆ ಡಿಎನ್‌ಜಿ ಮಾಡುತ್ತಿತ್ತು. ಈಚಿನ ಆವೃತ್ತಿಗಳಲ್ಲಿ ಅದು ಮೂಲ ಫೈಲಿನ ಎಡಿಟ್ ಆಗಿಯೇ ಉಳಿಯುತ್ತದೆ. ಯಾವ ಟೂಲಾದರೂ ಕ್ಲೋನ್, ಮಾಸ್ಕ್, ಶಾರ್ಪನಿಂಗ್ ಎಲ್ಲಕ್ಕಿಂತ ಮೊದಲು ನಾಯ್ಸ್ ತೆಗೆಯಿರಿ. ಶಾರ್ಪನ್ ಆದ ನಾಯ್ಸ್ ಯಾವ ಟೂಲಿಗೂ ಸುಲಭವಾಗಿ ಬಗ್ಗುವುದಿಲ್ಲ.

ಪರೀಕ್ಷೆಯ ರಾ ಫೈಲ್‌ಗಳನ್ನೂ 16 ಬಿಟ್ ಟಿಫ್‌ಗಳನ್ನೂ ಟೂಲಿನ ಆವೃತ್ತಿ ಸಂಖ್ಯೆ, ಸ್ಲೈಡರ್ ಬೆಲೆಗಳ ಸಮೇತ ಒಂದೇ ಫೋಲ್ಡರಿನಲ್ಲಿ ಇಡಿ. ಅಪ್‌ಡೇಟ್ ಜೊತೆ ಎಐ ಮಾಡೆಲ್ ಬದಲಾದಾಗ ಅದೇ ಫೈಲ್‌ಗಳನ್ನು ಮತ್ತೆ ಹಾಯಿಸಿ, ಹಳೆಯ ಟಿಫ್ ಮೇಲೆ ಹೊಸದನ್ನು ಡಿಫರೆನ್ಸ್ ಮೋಡಿನಲ್ಲಿ ಇಟ್ಟರೆ ಬದಲಾದದ್ದು ಎಲ್ಲಿ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ.